ಚರ್ಮದ ಕಡೆಯಿಂದ

ಬಿಲ್ಲೆ ಕಳಚಿದ್ದು ಸಲೀಸು.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೊಂಡ ಗಾಳದ ದಾರ
ಎರಡೂ ಕೈಗೆ ಸುತ್ತಿಕೊಂಡು
ಗರಗಸದ ಹಾಗೆ ಅತ್ತ ಇತ್ತ ಎಳೆದರೆ
ಟಪ್ಪನೆ ಅಂಗೈಗೆ ಬಿತ್ತು,
ಹನ್ನೊಂದು ವರ್ಷ ಡಿಕ್ಕಿಯ ಬೆನ್ನು ಕಚ್ಚಿ ಕೂತಿದ್ದು.
ಕ್ರೋಮು ಸಿಪ್ಪೆ ಎದ್ದಿತ್ತು, ಒಂದು ಕಿವಿ ಮುರಿದಿತ್ತು.

ಉಳಿದದ್ದು ಅಂಟು.
ಕಪ್ಪು ಸ್ಪಂಜಿನ ಟೇಪು, ಮುದ್ದೆ ಪಾತ್ರೆಯ ತಳದ ಸೀಕಿನ ಹಾಗೆ
ಉಗುರಿಗೆ ಬರಲ್ಲ, ಬಟ್ಟೆಗೆ ಬಗ್ಗಲ್ಲ.
ಶುಕ್ರವಾರ. ಉಸ್ತಾದ್ ಮಕ್ಬೂಲ್ ನಮಾಜಿಗೆ ಹೋಗಿದ್ದರು.
ತಣ್ಣೀರುಹಳ್ಳದ ಶೆಡ್ಡಿನಲ್ಲಿ ನಾನು, ಕಂಪ್ರೆಸರು,
ಮತ್ತೆ ಕಾರಿನ ಯಜಮಾನಿ ಸೆಲಸ್ತೀನಮ್ಮ,
ಸರ್ಕಾರಿ ಆಸ್ಪತ್ರೆಯಿಂದ ಹೋದ ಮಾರ್ಚಿಗೆ ರಿಟೈರಾದ ನರ್ಸು.
ಬಂದಾಗಿಂದ ಸ್ಟೂಲಿನ ಮೇಲೆ ಕೂತು
ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಬ್ಲೇಡು ತೆಗೆದೆ.

"ಚೆಲುವ, ಕೆಳಗಿಡು ಅದನ್ನ"
ಅಂದರು. ಜೋರಾಗಿ ಅಲ್ಲ.
ವಾರ್ಡಿನಲ್ಲಿ ಹಾಗಂದರೆ ಡಾಕ್ಟರೂ ಇಡುತ್ತಿದ್ದರೇನೋ.

ಪಕ್ಕದ ಪಾರ್ಲರಿನಿಂದ ಕೂದಲು ಒಣಗಿಸುವ ಡ್ರೈಯರು ಕಡ ತರಿಸಿದರು.
ಪರ್ಸಿನಿಂದ ಹತ್ತಿ, ನೆಗಡಿಗೆಂದು ಇಟ್ಟುಕೊಂಡ
ನೀಲಗಿರಿ ಎಣ್ಣೆ ಸೀಸೆ.
"ಕಾರಿಂದಾಗಲಿ ಕೈಕಾಲಿಂದಾಗಲಿ
ಅಂಟಿನ ಬುದ್ಧಿ ಒಂದೇ ಕಣೋ.
ಬೆಚ್ಚಗೆ ಮಾಡು. ನೆನೆಸು. ಆಮೇಲೆ ಸುಮ್ಮನಿರು.
ಈ ಸುಮ್ಮನಿರೋದೇ ಯಾರ ಕೈಲೂ ಆಗಲ್ಲ."

ಸುಮ್ಮನಿದ್ದೆವು.
ಆಲೂಗಡ್ಡೆ ಮೂಟೆಯ ಲಾರಿಯೊಂದು
ರಸ್ತೆಯ ಉಬ್ಬು ಹತ್ತಿಳಿದು ಹೋಯಿತು.

ಎಡಗೈ ಅಗಲಿಸಿ ಬಣ್ಣದ ಮೇಲೆ ಒತ್ತಿ ಹಿಡಿದರು.
ಬಲಗೈ ಹೆಬ್ಬೆರಳು ಅಂಚನ್ನು ಮಡಚಿ, ಮಡಚಿ,
ಮೇಲಕ್ಕೆತ್ತದೆ, ಮಲಗಿಸಿಕೊಂಡೇ ಉರುಳಿಸಿ ತಂದಿತು.
"ಚರ್ಮ ಹಿಡ್ಕೊಂಡು ಅಂಟು ಬಿಡಿಸಬೇಕು.
ಅಂಟು ಹಿಡ್ಕೊಂಡು ಚರ್ಮ ಬಿಡಿಸಬಾರದು."
ಕರಿ ಎಳ್ಳಿನಂಥ ಉಂಡೆಗಳು ಬಂಪರಿನ ಮೇಲೆ ಉದುರಿದವು.
ಒಂದು ಕಡೆ ಗಟ್ಟಿ ಸಿಕ್ಕಿತು. ಕೈ ನಿಂತಿತು.

"ನೋವಾಯ್ತಾ?"
ಅಂದರು, ಕಾರಿಗೆ.

ನಾನು ಡ್ರೈಯರಿನ ವೈರು ಸುತ್ತುವ ಕೆಲಸದಲ್ಲಿ
ತುಂಬ ಮುಳುಗಿಬಿಟ್ಟೆ.

ಅಡಿಯಲ್ಲಿ ಸಿಕ್ಕಿದ್ದು ಬೇರೆಯೇ ನೀಲಿ.
ಷೋರೂಮಿನಿಂದ ಹೊರಟ ದಿನದ್ದು, ಬಿಸಿಲು ಕಂಡಿಲ್ಲ.
ಉಳಿದ ಕಾರೆಲ್ಲ ಒಗೆದೊಗೆದು ಬಿಳಿಚಿದ ಯೂನಿಫಾರಂ.
ಹೊಸ ಬಿಲ್ಲೆಯನ್ನು ಕಂಪನಿಯವರು ಚಿಕ್ಕದು ಮಾಡಿದ್ದಾರೆ;
ಇಟ್ಟು ನೋಡಿದರೆ ಅರ್ಧ ಬೆರಳು ನೀಲಿ
ಸುತ್ತಲೂ ಇಣುಕುತ್ತದೆ.
"ಕಾಂಪೌಂಡು ಹಾಕಿ ಉಜ್ಜಲಾ ಮೇಡಂ?"
"ಎಷ್ಟಾಗುತ್ತೆ?"
"ನೂರೈವತ್ತು."
"ಹಾಗಾದರೆ ಇರಲಿ ಬಿಡು, ಚೆನ್ನಾಗೇ ಇದೆ."

ಸ್ಪಿರಿಟ್ಟಿನಲ್ಲಿ ಎಣ್ಣೆ ಜಿಡ್ಡು ಒರೆಸಿ
ಮಾಸ್ಕಿಂಗ್ ಟೇಪಿನ ಗೆರೆಗೆ ಸರಿಯಾಗಿ ಬಿಲ್ಲೆ ಕೂರಿಸಿ
ಹೆಬ್ಬೆರಳೊತ್ತಿ ಮೂವತ್ತು ಎಣಿಸಿದೆ.
"ಒಂದು ದಿನ ನೀರು ತಾಗಿಸಬೇಡಿ" ಅಂದೆ.
ನಕ್ಕರು. "ಹೊಲಿಗೆ ಹಾಕಿಸಿಕೊಂಡೋರಿಗೆಲ್ಲ ಇದನ್ನೇ ಹೇಳ್ತಿದ್ದೆ.
ಒಬ್ಬರೂ ಕೇಳ್ತಿರಲಿಲ್ಲ."

ಅಷ್ಟರಲ್ಲಿ ನಾಲ್ಕು ಹನಿ ಬಿತ್ತು.
ಸೆಲಸ್ತೀನಮ್ಮ ಹಿಂದಿನ ಸೀಟಿನಿಂದ ಬ್ರೆಡ್ಡಿನ ಕವರು ತಂದು
ಬಿಲ್ಲೆಗೆ ಹೊದಿಸಿ, ನಾಲ್ಕೂ ಮೂಲೆಗೆ
ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹರಿದು ಅಂಟಿಸಿದರು
ಆಸ್ಪತ್ರೆಯ ಪ್ಲಾಸ್ಟರು.

ಕಾರು ತಿರುವು ದಾಟಿದ ಮೇಲೆ ನೋಡುತ್ತೇನೆ,
ಸ್ಟೂಲಿನ ಮೇಲೆ ಸೀಸೆ ಬಿಟ್ಟಿದ್ದಾರೆ.
ಮುಕ್ಕಾಲು ಪಾಲು ಎಣ್ಣೆ ಇದೆ.
ಬೇಕಾಗುತ್ತದೆ.