ಇಸ್ತ್ರಿ ಅಂಗಡಿಯ ತನಕ

ಹಾಲಿನ ಚೀಲ ಕೈಯಲ್ಲಿದ್ದರೆ
ಯಾರೂ ಹೆಚ್ಚು ಕೇಳುವುದಿಲ್ಲ.
ಏಳರಿಂದ ಹತ್ತು, ಅಷ್ಟೇ,
ಅಷ್ಟರೊಳಗೆ ನಡೆದದ್ದೇ ನಡಿಗೆ.

ಗೇಟಿನಿಂದ ಬೂತಿಗೆ ನೂರಾ ಎಂಬತ್ತು ಹೆಜ್ಜೆ.
ಸುತ್ತಿ ಬಳಸಿ ಅದನ್ನು
ಎರಡು ಸಾವಿರದ ನಾನೂರು ಮಾಡಿಕೊಂಡಿದ್ದೇನೆ.

ಇಪ್ಪತ್ತೆರಡು ವರ್ಷ
ಏಳು ನಲವತ್ತೆರಡರ ಫಾಸ್ಟ್ ಲೋಕಲಿಗೆ
ಇದೇ ಓಣಿಯಲ್ಲಿ ಓಡಿದವಳು ನಾನು,
ಹಲ್ಲಲ್ಲಿ ಹೇರ್‌ಪಿನ್ನು, ಬಗಲಲ್ಲಿ ಡಬ್ಬಿ.
ಬೇವಿನ ಮರವೊಂದು ಇಲ್ಲಿದೆಯೆಂದು
ಗೊತ್ತಾಗಿದ್ದು ಈ ಯುಗಾದಿಗೆ.
ಹೂ ತೊಟ್ಟಿನ ಸಮೇತ ಉದುರಿತ್ತು,
ಆಯುವವರು ಇಲ್ಲದೆ
ಮೂರು ಮನೆಗಾಗುವಷ್ಟು.

ನಾಕಾದ ಹವಾಲ್ದಾರ ಕೋಲು ಕಂಕುಳಲ್ಲಿಟ್ಟು
'ಕಾಯ್ ಹೋ ತಾಈ, ದುಧಾಲಾ ಇತ್ಕಾ ವೇಳ್?'
ಅಕ್ಕ ಅಂದದ್ದು ಅವನು.
ನನ್ನ ಗದಗಿನ ಕಿವಿಗೆ ಮಾತ್ರ
ಇವತ್ತಿಗೂ ಅದು 'ತಾಯಿ' ಎಂದೇ ಬೀಳುತ್ತದೆ.
ಸುಳ್ಳು ಹೇಳಲು ಬಾಯಿ ಬರಲಿಲ್ಲ.
'ನಡೀಲಿಕ್ಕೆ ಹೋಗಿದ್ದೆ' ಅಂದೆ.
ಅವನು ಆಚೆ ನೋಡಿದ.

ತಿರುವಿನಲ್ಲಿ ಹೌಸಿಲಾನ ತಗಡಿನ ಗೂಡು.
ಬೀಗ. ಹಲಗೆ ನಡುವೆ ಬೆರಳಷ್ಟು ಸಂದು.
ಕಣ್ಣು ಹಚ್ಚಿದರೆ ಕತ್ತಲು ಮೊದಲು,
ಆಮೇಲೆ ಕಲ್ಲಿದ್ದಲ ವಾಸನೆ,
ಆಮೇಲೆ ಒಂದೊಂದೇ ಗಂಟು,
ಅದರ ಮೇಲೆ ಕೆಂಪು ಅಂಚು.
ಅವ್ವ ಕೊಟ್ಟ ಪತ್ತಲ ಅದು, ನನ್ನದೇ.
ಶನಿವಾರ ಕೊಟ್ಟಿದ್ದೆ, 'ಸೋಮವಾರ ಪಕ್ಕಾ' ಅಂದಿದ್ದ.
ಮಾರ್ಚಿಯ ಆ ಸೋಮವಾರ
ಇನ್ನೂ ಬರಬೇಕಾಗಿದೆ.

ಹೀಗೆ ಏಪ್ರಿಲ್ ಕಳೆಯಿತು.
ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೂ ಸೋಪಿನ ಸ್ನಾನ,
ಇವರು ಅವನ್ನು ಕ್ಲಿಪ್ ಹಾಕಿ ತಂತಿಗೆ ಒಣಹಾಕುವುದು,
ಮಗಳು ಬಚ್ಚಲಲ್ಲಿ ಕೂತು ಪರೀಕ್ಷೆ ಬರೆಯುವುದು,
ಅಲ್ಲೊಂದೇ ನೆಟ್‌ವರ್ಕು.
ನಾನು ದಿನಾ ಒಂದು ಸಲ
ಸಂದಿನಲ್ಲಿ ಕಣ್ಣಿಟ್ಟು ಬರುವುದು.
ಎಲ್ಲಿಗೆ ಹೋಗಿದ್ದೆ ಅಂದರೆ ಹಾಲಿಗೆ.

ಮೇ ತಿಂಗಳು. ಹೊಸ ನಂಬರಿನಿಂದ ಫೋನು.
'ಬಾಯಿ, ನಿಮ್ಮ ಸೀರೆ ಒಳಗೇ ಉಳಿದುಬಿಟ್ಟಿತು.
ಅರ್ಧ ಇಸ್ತ್ರಿ ಆಗಿದೆ, ಅರ್ಧ ಆಗಿಲ್ಲ.
ಬೀಗ ಒಡೆಸಿ ತಗೊಳ್ಳಿ.'
ಎಲ್ಲಿದ್ದೀಯೋ?
'ಕಸಾರಾ ಘಾಟ್ ಹತ್ತಿದೆವು. ಹನ್ನೊಂದು ಜನ.'
ಊರು ಜೌನ್‌ಪುರದ ಆಚೆ ಎಲ್ಲೋ.
ನಡೆದಾ?
ನಕ್ಕ. 'ದಿನಾ ಹನ್ನೆರಡು ತಾಸು ನಿಂತ ಕಾಲು, ಬಾಯಿ,
ನಡೆಯೋದೆಂದರೆ ಅದಕ್ಕೆ ರಜೆ.'
ಹಿಂದೆ ಲಾರಿಯ ಹಾರನ್ನು, ಒಂದು ಮಗುವಿನ ಹಟ.
ಚಾರ್ಜು ಮುಗಿಯಿತೋ ಏನೋ,
ಮತ್ತೆ ಮಾಡಿದರೆ ಹತ್ತಲಿಲ್ಲ.
ದುಡ್ಡು ಬೇಕಾ ಎಂದು ಕೇಳಿರಲಿಲ್ಲ ನಾನು.
ಸೀರೆಯ ಮಾತು ಅವನೇ ಎತ್ತಿದ್ದ,
ನಾನು ಅದಕ್ಕೆ 'ಆಯಿತು' ಅಂದಿದ್ದೆ.

ಅದೇ ಸಂಜೆ ನನ್ನ ಫೋನು
ಝಣ್ ಎಂದು ಒಂದು ನಕ್ಷತ್ರ ತೋರಿಸಿತು.
ಶಾಭಾಸ್, ಈ ವಾರದ ಗುರಿ ಮುಟ್ಟಿದಿರಿ.
ಹೆಜ್ಜೆ ಎಣಿಸುವುದನ್ನು
ಅಲ್ಲಿಗೇ ಅಳಿಸಿ ಹಾಕಿದೆ.

ಬೀಗದವನು ಸಿಗುತ್ತಾನೆ. ಒಡೆಸಲಿಲ್ಲ.
ಒಡೆದ ಬಾಗಿಲ ಮುಂದೆ ಬಂದು ನಿಂತವನಿಗೆ
ಏನು ಹೇಳುವುದು?
ಬಂದರೆ.

ಈಗ ಆ ತಗಡಿನ ಮೇಲೆ
ಪಕ್ಕದ ಮರ ಹಳದಿ ಸುರಿದಿದೆ,
ಸುಕ್ಕು ಸುಕ್ಕು ಎಸಳು, ರಾಶಿ.
ಕೈಯಿಂದ ಸವರಿ ಕೆಳಗೆ ತಳ್ಳಿದೆ,
ಮಳೆ ಬಂದರೆ ಕೊಳೆತು ತಗಡು ತುಕ್ಕು ಹಿಡಿದೀತು.
ನಾಳೆ ಒಂದು ಪ್ಲಾಸ್ಟಿಕ್ ಹಾಳೆ, ನಾಲ್ಕು ಇಟ್ಟಿಗೆ ತರಬೇಕು.

ಬೀಗ ಮುಟ್ಟಿದೆ. ಕಾದಿತ್ತು, ಎಂಟಕ್ಕೇ.
ಹಾಲು ಕೆಟ್ಟೀತು.
ಹೊರಟೆ.