ಎದೆಯ ನೆಟಿಗೆ

ಮೊದಲು ಕೇಳಿಸಿಕೊಂಡವಳು ನಾನು, ಅವನಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಹಾಸಿಗೆಯಲ್ಲಿ ಎದ್ದು ಕೂತು
ನುಗ್ಜಾರ್ ಎರಡೂ ತೋಳು ಹಿಂದಕ್ಕೆ ಚಾಚಿದ.
ಟಕ್.
ಎದೆಯ ನಟ್ಟನಡುವೆ ಅಕ್ರೋಟು ಒಡೆದ ಸದ್ದು.
"ಬಾಗಿಲಾ?" ಎಂದೆ.
"ನಾನೇ," ಎಂದ. ಕತ್ತಲಲ್ಲಿ ಬೂಟು ತಡವಿದ.

ಮೂವತ್ತೊಂದು ವರ್ಷದಿಂದ ನನ್ನ ಗಂಡ
ಬಾವಿಯಂಥ ಮಣ್ಣಿನ ಒಲೆಯೊಳಕ್ಕೆ
ತಲೆಕೆಳಗಾಗಿ ಇಳಿಯುತ್ತಾನೆ.
ತೊನೆಯ ಅಂಚಿಗೆ ಎದೆಗೂಡು ಊರಿ,
ಕಾಲು ಗಾಳಿಯಲ್ಲಿ, ಕೈ ಕೆಂಡದ ಮೇಲೆ,
ದೋಣಿಯಂತೆ ಎಳೆದ ಹಿಟ್ಟನ್ನು ಗೋಡೆಗೆ ತಟ್ಟಿ
ಮೇಲೇಳುತ್ತಾನೆ, ಹುಬ್ಬು ಸೀಯಿಸಿಕೊಂಡು.
ದಿನಕ್ಕೆ ಮುನ್ನೂರು ಸಲ.
ಹಬ್ಬವಿದ್ದರೆ ಲೆಕ್ಕವಿಲ್ಲ.
ತೆಲಾವಿಯ ಈ ಓಣಿಗೆ ಕೋಳಿ ಬೇಕಿಲ್ಲ,
ಆ ವಾಸನೆಗೇ ಏಳುತ್ತದೆ.
ನಾನು ಕಿಟಕಿಯಲ್ಲಿ ಕೂತು ಚಿಲ್ಲರೆ ಎಣಿಸುತ್ತೇನೆ.

ಚಳಿಗಾಲದಲ್ಲಿ ಕೆಮ್ಮು ಬಂತು, ಆರು ವಾರ ಇತ್ತು.
ಹೋಗುವಾಗ ನೋವನ್ನು ಬಿಟ್ಟು ಹೋಯಿತು,
ಬಾಡಿಗೆಯವನು ಮರೆತ ಪೆಟ್ಟಿಗೆಯ ಹಾಗೆ.
ಹಿಟ್ಟಿನ ಮೂಟೆ ಎತ್ತಿದರೆ ಚುಚ್ಚು,
ಸೀನಿದರೆ ಚುಚ್ಚು,
ಉಸಿರು ಪೂರ್ತಿ ಎಳೆಯಹೋದರೆ
ಒಳಗಿನಿಂದ ಯಾರೋ ಅಂಗೈ ಒಡ್ಡಿ ತಡೆದಂತೆ.

ಗುಲಿಕೋ ಗಾಳಿ ತುಂಬಿದೆ ಎಂದಳು.
ಎದುರು ಮನೆಯ ಮುದುಕ
ದ್ರಾಕ್ಷಿಯ ಸಾರಾಯಿ ತಿಕ್ಕು ಎಂದ,
ಉಳಿದದ್ದನ್ನು ಕುಡಿ ಎಂದ, ತಾನೂ ಕೂತ.
ಯಾರೋ ಬಿಲಕರಡಿಯ ಕೊಬ್ಬು ತಂದುಕೊಟ್ಟರು.
ಮನೆ ಒಂದು ವಾರ ನಾರಿತು, ಟಕ್ ಮಾತ್ರ ಹಾಗೇ.

ನಾವಿಬ್ಬರೂ ಆಡದ ಮಾತು ಒಂದಿತ್ತು.
ಅವನಣ್ಣ ಜುಂಬೆರ್ ಹೋದದ್ದು ಎದೆ ಹಿಡಿದುಕೊಂಡು,
ತುಂಬಿದ ಲೋಟ ಎತ್ತಿ, ಹಾರೈಕೆ ಅರ್ಧಕ್ಕೆ ನಿಂತು.
ಆ ಕುರ್ಚಿ ಇನ್ನೂ ನಮ್ಮ ಮೇಜಿನ ಬಳಿಯೇ ಇದೆ.
ಅದರ ಮೇಲೆ ಯಾರೂ ಕೂರುವುದಿಲ್ಲ,
ಕೋಟು ಹಾಕುತ್ತೇವೆ.

ಡಾಕ್ಟರ್ ಎತೇರಿ ಮೊದಲು ತಂತಿ ಅಂಟಿಸಿದಳು.
ಕಾಗದದ ಮೇಲೆ ಗುಡ್ಡ, ಕಣಿವೆ, ಗುಡ್ಡ.
ರಕ್ತವನ್ನೂ ನೋಡಿಸಿದಳು.
"ಹೃದಯಕ್ಕೇನೂ ಆಗಿಲ್ಲ" ಎಂದಮೇಲೆ
ಹೆಬ್ಬೆರಳು ಎದೆಯೆಲುಬಿನ ಅಂಚಿಗೇ ಇಳಿಯಿತು.
ಇಲ್ಲಿ? ಇಲ್ಲ.
ಇಲ್ಲಿ? ಇಲ್ಲ.
ಇಲ್ಲಿ?
"ವೈ ಮೇ!" ಎಂದು ಕಿರುಚಿದ ನೋಡಿ,
ಹೊರಗೆ ಸರದಿಯಲ್ಲಿದ್ದ ಮಗು ಅತ್ತಿತು.
ನನಗೆ ನಗು ತಡೆಯಲಾಗಲಿಲ್ಲ.
ಬೆರಳಿಗೆ ಸಿಕ್ಕುವ ನೋವು!
ಒಂದು ಗುಂಡಿಯಷ್ಟು ಜಾಗದಲ್ಲಿ
ಹೆಸರು ಹೇಳಿಸಿಕೊಂಡು ಕೂತ ನೋವು!

ಪಕ್ಕೆಲುಬು ಎದೆಯೆಲುಬಿಗೆ ಸೇರುವಲ್ಲಿ
ಮೆದು ಎಲುಬು ಬಾತಿದೆ, ಎಂದಳು.
ಕೆಮ್ಮಿದ್ದಕ್ಕಿರಬಹುದು, ಮೂಟೆಗಿರಬಹುದು,
ಮೂವತ್ತೊಂದು ವರ್ಷದ ಆ ಅಂಚಿಗೂ ಇರಬಹುದು.
ಸದ್ದೋ? ಬೆರಳಿನ ನೆಟಿಗೆಯ ಹಾಗೆ,
ಕೀಲಿನ ನೀರಿನಲ್ಲಿ ಒಂದು ಗುಳ್ಳೆ.
ಬೇಕೆಂದೇ ಮುರಿಯುತ್ತಾ ಕೂರಬೇಡ.
ಬಿಸಿನೀರಿನ ಚೀಲ ಇಡು. ಮೂಟೆ ಬೇರೆಯವರು ಎತ್ತಲಿ.
ಬಾಗಿಲ ಚೌಕಟ್ಟಿಗೆ ಮೊಳಕೈ ಆನಿಸಿ
ಮೆಲ್ಲಗೆ ಮುಂದಕ್ಕೆ ವಾಲು, ನೋಯುವ ಮೊದಲೇ ನಿಲ್ಲಿಸು.
ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು:
ಎದೆಯ ಮೇಲೆ ಕಲ್ಲಿಟ್ಟಂತಾದರೆ, ತಣ್ಣಗೆ ಬೆವರಿದರೆ,
ತೋಳಿಗೋ ದವಡೆಗೋ ನೋವು ಹರಿದರೆ
ಅದು ಇದಲ್ಲ.
ಆಗ ಬೂಟು ಹುಡುಕುತ್ತಾ ನಿಲ್ಲಬೇಡಿ.

ಹಳೆಯ ಕಂಬಳಿ ಮಡಚಿ, ಉಣ್ಣೆ ತುಂಬಿ,
ಒಲೆಯಂಚಿಗೆ ದಿಂಬು ಹೊಲಿದೆ.
ಅರ್ಧ ರೊಟ್ಟಿ ಈಗ ತಂಗಿಯ ಮಗ ಬಡಿಯುತ್ತಾನೆ,
ವಕ್ರ ವಕ್ರ. ಗಿರಾಕಿಗಳು ಗೊಣಗಿ ಕೊಳ್ಳುತ್ತಾರೆ.
ಬೆಳಿಗ್ಗೆ ನುಗ್ಜಾರ್ ಅಂಗಡಿ ಬಾಗಿಲಿಗೆ
ತೋಳು ಹರಡಿ ನಿಂತಿರುತ್ತಾನೆ, ದಾರಿಗಡ್ಡವಾಗಿ.
"ಮುಚ್ಚಿದ್ದೀಯೇನಪ್ಪ?" ಎಂದು ಮುದುಕಿಯೊಬ್ಬಳು ಕೇಳಿದಳು.
"ಇಲ್ಲಮ್ಮ, ತೆರೀತಾ ಇದ್ದೀನಿ," ಎಂದ.

ನನಗೆ ನಾಲ್ಕಕ್ಕೆ ಈಗಲೂ ಎಚ್ಚರವಾಗುತ್ತದೆ.
ಟಕ್ ಎಂದರೆ
ಮಗ್ಗುಲು ಬದಲಿಸಿ ಮಲಗುತ್ತೇನೆ.
ಎನ್ನದ ದಿನ,
ಕತ್ತಲಲ್ಲಿ ಕೈ ಚಾಚಿ ಕೇಳುತ್ತೇನೆ:
ಎದ್ದೆಯಾ?