ಏಡಿ ಬಿಲ

ಮಣಿಕಟ್ಟಿನ ಚೀಟಿಯಲ್ಲಿ 'ಮಾದೇವಿಯ ಮಗು' ಅಂತಷ್ಟೇ.
ಹೆಸರಿಡುವ ಮೊದಲೇ ಎದೆ ಬಿಚ್ಚಿದ್ದರು.

ಹೃದಯ ಸರಿಹೋಯಿತು ಅಂದರು. ಆರನೇ ದಿನ
ಪಕ್ಕೆಯ ನಳಿಗೆಯಲ್ಲಿ ಕೆಂಪು ಹೋಗಿ
ಬೆಳ್ಳಗೆ ಇಳಿಯತೊಡಗಿತು ಬಾಟಲಿಗೆ.
ನೋಡಿದೊಡನೆ ಗುರುತು ಸಿಕ್ಕಿತು ನನಗೆ.
ಬೆಳಗಿನ ಜಾವ ಹಿಂಡಿ ಕೊಟ್ಟದ್ದು,
ಹೊಟ್ಟೆಗೆ ಹೋದದ್ದು, ಎದೆಯೊಳಗೆ ಸೋರಿ
ಇಲ್ಲಿ ಬಂದು ಕೂತಿತ್ತು.

ಹಾಲು ನಿಲ್ಲಿಸಿ, ಅಂದಳು ಸಿಸ್ಟರ್, ಮೆಲ್ಲಗೆ.
ಕೊಬ್ಬು ತೆಗೆದ ಪುಡಿ, ಅಳತೆಯ ಚಮಚ.
ನನ್ನದು ಬೇಸಿನ್ನಿಗೆ.
ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದೆ,
ಹಿಂಡುವ ಸದ್ದಿಗಲ್ಲ.

ಡಾಕ್ಟರು ಹೇಳಿದರು: ಮೈಯಲ್ಲಿ ರಕ್ತವಲ್ಲದ
ಇನ್ನೊಂದು ನೀರಿದೆ, ಅದಕ್ಕೂ ದಾರಿಯಿದೆ,
ಕೂದಲಿಗಿಂತ ಸಪೂರ. ತೊಡೆಸಂದಿಯ ಗಂಟಿಗೆ
ಮದ್ದು ಬಿಟ್ಟು ಯಂತ್ರದಲ್ಲಿ ನೋಡುತ್ತೇವೆ.

ಹೊನ್ನಪ್ಪ, ಸಾಣಿಕಟ್ಟೆಯಲ್ಲಿ ಗಜನಿಯ ಜಂತ್ರಡಿ ಕಾಯುವವ,
ಕಾರವಾರಕ್ಕೆ ಬಂದಾಗಿನಿಂದ ಕೈ ಎಲ್ಲಿಡಬೇಕೆಂದು ತಿಳಿಯದವ,
ತಟ್ಟನೆ ಅಂದ: 'ಏಡಿ ಬಿಲ ಹುಡ್ಕದಾಂಗೆ.
ಕಟ್ಟೇಲಿ ಬಿಲ ಕಾಣೂದಿಲ್ಲ. ಭತ್ತದ ಹೊಟ್ಟು ಎರಚಿ
ಕೂತ್ಕಳ್ಬೇಕು. ಎಲ್ಲಿ ತಿರುಗಿ ಮುಳುಗ್ತದೋ, ಅಲ್ಲಿ.'
ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟರು.

ಚಿತ್ರ ಬಂತು. ಕರಿಯ ಕೆಸರಿನಲ್ಲಿ
ಇಳಿತಕ್ಕೆ ಉಳಿದ ನೀರಿನ ಗೆರೆಗಳ ಹಾಗೆ ಬಿಳಿ,
ಮೇಲೆ ಹರಿದು, ಕುತ್ತಿಗೆಯ ಬಳಿ ನಿಂತು,
ಹಿಂದೆ ಹೊರಳಿ ಎದೆ ತುಂಬ ಒಸರು.
'ಬಿಲ ಮುಚ್ಚಿಬಿಡಿ' ಅಂದೆ ನಾನು.
ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ.
'ಬಿಲದ್ದಲ್ಲ. ಬಾಗಿಲಿಗೇ ಕಸ ಸಿಕ್ಕಿದೆ.
ಈಗ ಬಿಲ ಮುಚ್ಚಿದ್ರೆ ಕಟ್ಟೆಯೇ ಹೋಗ್ತದೆ.'

ಹೌದು, ಅಂದರು ಡಾಕ್ಟರು. ನೀರು ರಕ್ತಕ್ಕೆ ಸೇರುವಲ್ಲಿ
ಹೆಪ್ಪು. ಇದನ್ನು ನೋಡದಿದ್ದರೆ
ನಾಡಿದ್ದು ಮತ್ತೆ ಎದೆ ತೆರೆದು
ನಾವೇ ದಾರಿ ಕಟ್ಟುತ್ತಿದ್ದೆವು.

ಹೆಪ್ಪು ಕರಗುವ ಮದ್ದು ಹನಿಹನಿಯಾಗಿ.
ನೂರಾ ನಲವತ್ತು. ನೂರಾ ಹತ್ತು. ಮತ್ತೆ ನೂರಾ ಮೂವತ್ತು,
ಆ ರಾತ್ರಿ ಯಾರೂ ಉಣ್ಣಲಿಲ್ಲ.
ನನ್ನ ಹಾಲು ಆ ಬಾಟಲಿಯಲ್ಲಿ ಇನ್ನು ಕಾಣದಿರಲಿ ಅಂತ
ನಾನೇ ಬೇಡಿಕೊಂಡೆ, ಬೈತಖೋಲದ ದೋಣಿದೀಪ ನೋಡುತ್ತ.

ಅಮಾಸೆ ಭರತಕ್ಕೆ ಅವನು ಊರಿಗೆ ಹೋಗಲೇಬೇಕಿತ್ತು.
ನಡುರಾತ್ರಿ ಫೋನು: 'ಎಷ್ಟು?'
'ಇಪ್ಪತ್ತು. ತಿಳಿ. ಗಂಜಿತಿಳಿಯಷ್ಟೂ ಬಿಳುಪಿಲ್ಲ.'
ಆಚೆ ಮಾತಿಲ್ಲ.
ಮರದ ಬಾಗಿಲು ಕಿರುಗುಟ್ಟುತ್ತ ಮೇಲೇರುವುದು,
ಆಮೇಲೆ ನೀರು.